ಯಜಮಾನನಿಲ್ಲದ ಗುಂಪು

ಮೇಸ್ತ್ರಿ ಬೆನ್ನ ಹಿಂದೆ ನಿಂತು ಗಂಟೆ ಹೊಡೆದ. ದೊಡ್ಡಮ್ಮ ತಿರುಗಲಿಲ್ಲ.

ಅಷ್ಟಕ್ಕೇ ಅವಳ ಕೆಲಸ ಹೋಯಿತು.

ಅವಳು ಮಗ್ಗದ ಮೇಲೆ ಬಗ್ಗಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದಳು. ಸುತ್ತ ಸಾಲು ಸಾಲು ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಮೈನೆರೆದ ವರ್ಷದಿಂದ ಆ ಸದ್ದಿನಲ್ಲಿ ನಿಂತವಳು ಅವಳು. ಕಿವಿಗೆ ಹತ್ತಿ ತುರುಕಿಕೊಂಡು ನಿಂತಳು, ಬಸುರಿಯಾಗಿ ನಿಂತಳು, ಗಂಡನನ್ನು ಮಣ್ಣಿಗೆ ಕೊಟ್ಟು ಬಂದು ಮತ್ತೆ ನಿಂತಳು. ಕಿವಿಗೆ ಇಡುವ ರಬ್ಬರಿನ ಬಿರಡೆಗಳು ಶೆಡ್ಡಿನಲ್ಲಿ ಇರಲಿಲ್ಲವೆಂದಲ್ಲ. ಇದ್ದವು. ತಪಾಸಣೆಯವರು ಬರುವ ದಿನ ಬೆಳಿಗ್ಗೆ ಅವನ್ನು ತಟ್ಟೆಯಲ್ಲಿಟ್ಟು ಹಂಚುತ್ತಿದ್ದರು. ಸಂಜೆ ಅದೇ ತಟ್ಟೆಯಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದರು. ಯಾರ ಕಿವಿಯದು ಮುಂದಿನ ಸಲ ಯಾರ ಕಿವಿಗೆ ಹೋಗುತ್ತಿತ್ತೋ.

ಈಗ ಕಂಪನಿಗೆ ಇದ್ದಕ್ಕಿದ್ದಂತೆ ಕೆಲಸದವರ ಮೇಲೆ ಅಕ್ಕರೆ ಉಕ್ಕಿತ್ತು. ಬೆಂಕಿ ಬಿದ್ದಾಗ ಗಂಟೆ ಕೇಳಿಸದವರು ಶೆಡ್ಡಿನಲ್ಲಿ ಇರುವುದು ಅಪಾಯ. ಆದ್ದರಿಂದ ಎಲ್ಲರ ಕಿವಿ ಪರೀಕ್ಷೆ ಆಗಬೇಕು. ಕೇಳಿಸದವರು ಮನೆಗೆ ಹೋಗಬೇಕು. ಕಿವಿ ಹೇಗೆ ಹೋಯಿತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ವಯಸ್ಸಾಗಿದೆ ಎಂದು ಅವರೇ ಬರೆದುಕೊಳ್ಳುತ್ತಾರೆ. ಪರಿಹಾರದ ಮಾತೇ ಇಲ್ಲ.

ದೊಡ್ಡಮ್ಮ ಇದನ್ನೇ ಕೇಳಿದ್ದಳು. ಎದುರಿಗಲ್ಲ, ಫೋನಿನಲ್ಲಿ. ಎಲ್ಲರೂ ಬಳಸುವ ದೊಡ್ಡ ಆ್ಯಪಿನಲ್ಲಿ ಶೆಡ್ಡಿನ ಹೆಂಗಸರದೊಂದು ಗುಂಪಿತ್ತು. ಅದರಲ್ಲಿ ಬರೆದಿದ್ದಳು: "ಕಿವಿ ತಿಂದೋರು ಯಾರು ಅಂತಾನೂ ಪರೀಕ್ಷೆ ಮಾಡ್ತಾರಾ?" ಅಂಥ ಗುಂಪಿಗೆಲ್ಲ ಒಬ್ಬ ಯಜಮಾನ ಇರುತ್ತಾನೆ. ಸೇರಿಸುವವನೂ ಅವನೇ, ತೆಗೆದುಹಾಕುವವನೂ ಅವನೇ. ಆ ಗುಂಪಿನ ಯಜಮಾನ ಹಾಜರಿ ಬರೆಯುವ ಗುಮಾಸ್ತ. ಅವನು ತನ್ನ ಫೋನನ್ನು ಒಯ್ದು ಮೇಸ್ತ್ರಿಯ ಮುಂದೆ ಹಿಡಿದ. ಮರುದಿನ ಬೆನ್ನ ಹಿಂದೆ ಗಂಟೆ.

ದೊಡ್ಡಮ್ಮ ತನ್ನ ಮನೆಗೆ ಹೋಗಲಿಲ್ಲ. ತಂಗಿಯ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ತಂಗಿ ಇನ್ನೂ ಶೆಡ್ಡಿನಲ್ಲಿದ್ದಳು. ಒಳಗಿದ್ದವಳು ತಂಗಿಯ ಮಗಳು, ಮೂಗಿ.

ಮೂಗಿ ಮೂಗಿಯಲ್ಲ. ಮಾತು ಕಡಿಮೆ, ಅಷ್ಟೆ. ಅವಳ ಅಮ್ಮನಿಗೂ ಕಿವಿ ಹೋಗಿ ಬಹಳ ಕಾಲವಾಗಿತ್ತು. ಕಿವುಡಿಗೆ ಮೂಗಿ ಮಗಳು ಎಂದು ಓಣಿಯವರು ನಗೆಯಾಡಿ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಅವಳು ಹುಟ್ಟಾ ಮೌನಿಯೇನಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ದಿನ ಬಟ್ಟೆಯಲ್ಲಿ ರಕ್ತ ಕಂಡು ಹೆದರಿ ಅಮ್ಮನ ಹತ್ತಿರ ಓಡಿದಳು. ಮೆಲ್ಲಗೆ ಹೇಳಿದಳು. ಅಮ್ಮ "ಏನು?" ಅಂದಳು. ಇನ್ನೊಮ್ಮೆ ಹೇಳಿದಳು. "ಏನೇ? ಜೋರಾಗಿ ಹೇಳು." ಕೊನೆಗೆ ಕಿರುಚಿ ಹೇಳಬೇಕಾಯಿತು. ಗೋಡೆಯಾಚೆ ಗಂಡಸರು ನಕ್ಕದ್ದು ಅಮ್ಮನಿಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಅವತ್ತಿನಿಂದ ಆ ಮನೆಯಲ್ಲಿ ಗುಟ್ಟು ಅನ್ನುವುದು ಹೊಟ್ಟೆಯಲ್ಲೇ ಹುಟ್ಟಿ ಹೊಟ್ಟೆಯಲ್ಲೇ ಸತ್ತಿತು.

ಹಾಗೇ ಬಾಯಿ ಮುಚ್ಚಿಕೊಂಡು ಓದಿದಳು. ಕಂಪ್ಯೂಟರಿನಲ್ಲಿ ಪದವಿ ಮಾಡಿದಳು. ಕೆಲಸ ಕೇಳಿಕೊಂಡು ಗಾಜಿನ ಕಟ್ಟಡವೊಂದಕ್ಕೆ ಹೋದಾಗ ಮೇಜಿನಾಚೆ ಕೂತವರು ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರು. ಮಗ್ಗದ ಶೆಡ್ ಅಂದಳು. "ಹಾಗಾದ್ರೆ ನೀವು ಜೋರಾಗಿ ಮಾತಾಡಬೇಕಿತ್ತಲ್ಲ" ಎಂದು ಒಬ್ಬಾತ ಅಂದ. ಉಳಿದವರು ನಕ್ಕರು. ಮಾತುಗಾರಿಕೆ ಸಾಲದು ಎಂದು ಆಮೇಲೆ ತಿಳಿಸಿದರು. ಈಗ ಅವಳು ಸಂತೆಬೀದಿಯ ತುದಿಯಲ್ಲಿ ಫೋನ್ ರಿಪೇರಿ ಅಂಗಡಿಯೊಂದರಲ್ಲಿ ಸ್ಕ್ರೂ ಬಿಚ್ಚುತ್ತಿದ್ದಳು.

"ನನ್ನ ಮಾತು ಅವನ ಕೈಗೆ ಹೇಗೆ ಹೋಯ್ತೇ?" ದೊಡ್ಡಮ್ಮ ಕೇಳಿದಳು.

ಮೂಗಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಗುಂಪು ಅವನದು ದೊಡ್ಡಮ್ಮ."

"ಮಾತು ನಂದಲ್ವಾ?"

ಆ ಪ್ರಶ್ನೆ ಮೂಗಿಯನ್ನು ಬಿಡಲಿಲ್ಲ. ಮಾತು ನನ್ನದು, ದಾರಿ ಅವನದು. ದಾರಿಯ ನಡುವೆ ಯಾರೋ ಒಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಕೂತವನನ್ನು ಬದಲಿಸಿದರೆ ಇನ್ನೊಬ್ಬ ಬಂದು ಕೂರುತ್ತಾನೆ. ಕುರ್ಚಿಯೇ ಇರಬಾರದು.

ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಶುರು ಮಾಡಿದಳು. ಯಾರೋ ಬಿಟ್ಟುಹೋದ ಲ್ಯಾಪ್‌ಟಾಪು, ಕುತ್ತಿಗೆ ಮುರಿದದ್ದು, ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತಿತ್ತು. ಅವಳು ಮಾಡಹೊರಟ ಆ್ಯಪಿಗೆ ನಡುವೆ ದೊಡ್ಡ ಯಂತ್ರ ಇರಬಾರದು, ಕಂಪನಿ ಇರಬಾರದು. ಮಾತು ಒಬ್ಬಳ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡಬೇಕು, ಸೇರಬೇಕಾದವಳ ಫೋನಿನಲ್ಲೇ ಬೀಗ ತೆರೆಯಬೇಕು. ಅವಳ ಫೋನು ಮಲಗಿದ್ದರೆ ಪಕ್ಕದವಳ ಫೋನು ಬೀಗ ಹಾಕಿದ ಗಂಟನ್ನು ಹಾಗೇ ಇಟ್ಟುಕೊಂಡಿದ್ದು ಆಮೇಲೆ ದಾಟಿಸಬೇಕು. ಇಟ್ಟುಕೊಂಡವಳಿಗೂ ಒಳಗೇನಿದೆ ಎಂದು ಗೊತ್ತಾಗಬಾರದು. ಗುಂಪಿಗೆ ಯಜಮಾನ ಇರಬಾರದು. ಮಾಡಿದವಳ ಹೆಸರೂ ಇರಬಾರದು.

ಹೇಳುವುದು ಸುಲಭ. ಫೋನು ಮಾಡುವ ಕಂಪನಿಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿಂದೆ ಓಡುವ ಸಣ್ಣಪುಟ್ಟ ಆ್ಯಪುಗಳನ್ನೆಲ್ಲ ಮಲಗಿಸಿಬಿಡುತ್ತಿದ್ದವು. ದೊಡ್ಡವರ ಆ್ಯಪು ಮಾತ್ರ ಮಲಗುತ್ತಿರಲಿಲ್ಲ. ಇವಳದು ಮಲಗುತ್ತಿತ್ತು. ಎಬ್ಬಿಸಿದರೆ ಮತ್ತೆ ಮಲಗುತ್ತಿತ್ತು. ಒಂದು ಮಾತು ಒಂದು ಫೋನಿನಿಂದ ಪಕ್ಕದ ಮೇಜಿನ ಮೇಲಿದ್ದ ಇನ್ನೊಂದಕ್ಕೆ ಹೋಗಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡಿತು. ಕೂಗಿ ಹೇಳಿದ್ದರೆ ಮೂರು ಓಣಿ ದಾಟುತ್ತಿತ್ತು. ಅವಳು ಫೋನನ್ನು ಮೇಜಿಗೆ ಕುಕ್ಕಿದಳು.

"ಅದೇನು ಮಾಡ್ತಿದೀಯೋ, ಮಾಡು," ಅಂದ ಅಂಗಡಿಯವನು, ತನ್ನ ಕೆಲಸದಿಂದ ತಲೆ ಎತ್ತದೆ. "ಆದ್ರೆ ಕುಕ್ಕೋ ಫೋನು ನಿಂದಾಗಿರಲಿ."

ಅಂತೂ ನಡೆಯಿತು. ಕುಂಟಿಕೊಂಡು ನಡೆಯಿತು. ರಜೆಯ ದಿನ ಶೆಡ್ಡಿನ ಹೆಂಗಸರನ್ನು ಅಮ್ಮ ಮನೆಗೆ ಕರೆದಳು. ಒಂದೇ ಕೋಣೆ. ಗೋಡೆಗೆ ಒರಗಿ, ಮಂಚದ ಮೇಲೆ, ಒಲೆಯ ಪಕ್ಕ, ಎಲ್ಲೆಂದರಲ್ಲಿ ಕೂತರು. ಅವರ ಮಾತು ಬೀದಿಗೆಲ್ಲ ಕೇಳುವಂತಿತ್ತು. ತಾವು ಕೂಗಿ ಮಾತಾಡುತ್ತಿದ್ದೇವೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇದರ ಯಜಮಾನ ಯಾರು?" ಲಾಳಿ ಅಕ್ಕ ಕೇಳಿದಳು. ಶೆಡ್ಡಿನಲ್ಲಿ ಮಗ್ಗದಿಂದ ಹಾರಿದ ಲಾಳಿ ಬಡಿದು ಹುಬ್ಬಿನ ಮೇಲೆ ಗಾಯದ ಗುರುತು ಉಳಿದಿದ್ದರಿಂದ ಅವಳಿಗೆ ಆ ಹೆಸರು.

"ಯಾರೂ ಇಲ್ಲ."

"ಯಜಮಾನ ಇಲ್ಲದೆ ನಡೆಯೋದು ನಮ್ಮನೆ ಒಂದೇ ಅಂದ್ಕೊಂಡಿದ್ದೆ."

"ನಿಮ್ಮನೇಲಿ ಇದಾನಲ್ಲೇ, ಮಂಚದ ಮೇಲೆ," ಇನ್ನೊಬ್ಬಳು ಅಂದಳು.

"ಅದನ್ನೇ ಹೇಳ್ತಿರೋದು. ಇದ್ದೂ ಇಲ್ಲ."

ನಗು. ಮೂಗಿ ನಗಲಿಲ್ಲ. ಅವಳ ತಲೆ ಸಿಡಿಯುತ್ತಿತ್ತು. ಒಬ್ಬೊಬ್ಬರ ಫೋನನ್ನೂ ಕೈಗೆ ತೆಗೆದುಕೊಂಡರೆ ಒಂದೊಂದು ರಗಳೆ. ಒಂದರಲ್ಲಿ ಜಾಗವಿಲ್ಲ. ಒಂದು ಮನೆಮಂದಿಗೆಲ್ಲ ಸೇರಿದ ಫೋನು. ಹೆಂಡತಿ ಹಾಕಿಸಿಕೊಂಡ ಆ್ಯಪನ್ನು ಸಂಜೆ ಗಂಡ ಅಳಿಸುತ್ತಿದ್ದ. ಇನ್ನೊಂದು ವಿಷಯವನ್ನಂತೂ ಎಷ್ಟು ಹೇಳಿದರೂ ಅವರ ತಲೆಗೆ ಹತ್ತಲೊಲ್ಲದು. ಬೀಗದ ಕೈ ಫೋನಿನ ಒಳಗೇ ಇದೆ. ಫೋನು ಕಳೆದರೆ ಕೀ ಕಳೆದಂತೆ. ಬೇರೆ ಕೀ ಮಾಡಿಕೊಡುವವರು ಎಲ್ಲೂ ಇಲ್ಲ.

"ನೀನೇ ಮಾಡ್ಕೊಡು."

"ನನ್ನ ಕೈಲೂ ಆಗಲ್ಲ ಅಕ್ಕ. ಯಾರ ಕೈಲೂ ಆಗಬಾರದು ಅಂತಾನೇ ಹೀಗೆ ಮಾಡಿದ್ದು."

"ಇದೆಂಥ ಓದು ನಿಂದು?" ಲಾಳಿ ಅಕ್ಕ ಅಂದಳು. "ಬೀಗ ಮಾಡಿದೋಳ ಕೈಲಿ ಕೀ ಮಾಡಕ್ಕಾಗಲ್ಲ ಅಂದ್ರೆ."

ಓಣಿಯಲ್ಲಿ ಅದಕ್ಕೆ ಮೂಗಿ ಆ್ಯಪ್ ಎಂದೇ ಹೆಸರು ಬಿತ್ತು. ತನ್ನ ಹೆಸರು ಎಲ್ಲೂ ಉಳಿಯಬಾರದು ಎಂದು ಅವಳು ವಾರಗಟ್ಟಲೆ ಒದ್ದಾಡಿದ್ದು ದಂಡವಾಯಿತು.

ಬರೆಯಲು ಅರ್ಧಕ್ಕರ್ಧ ಜನಕ್ಕೆ ಬರುತ್ತಿರಲಿಲ್ಲ. ಬರುತ್ತಿದ್ದವರಿಗೂ ಬೆರಳು ಏಳುತ್ತಿರಲಿಲ್ಲ. ಎಂಟು ಗಂಟೆ ಎಳೆ ಹಿಡಿದ ಬೆರಳು ಆ ಸಣ್ಣ ಅಕ್ಷರಗಳ ಮೇಲೆ ನಡುಗುತ್ತಿತ್ತು. ಆದ್ದರಿಂದ ಮಾತಾಡಿ ಕಳಿಸುವ ಸೌಕರ್ಯ ಸೇರಿಸಿದಳು. ಅದೇ ಅವಳ ತಪ್ಪು. ಬೀಗ ಗಟ್ಟಿಯಿದೆಯೇ ಎಂದು ನೂರು ಸಲ ನೋಡಿದವಳು ಕಿವಿಗಳ ಕಡೆ ನೋಡಲಿಲ್ಲ.

ಪರೀಕ್ಷೆಯ ದಿನ ಗೊತ್ತಾಗಿತ್ತು. ಅದರ ಹಿಂದಿನ ವಾರ ಅಮ್ಮ ಮಾತಾಡಿ ಕಳಿಸಿದಳು. "ಅವತ್ತು ಯಾರೂ ಆ ಕೋಣೆಗೆ ಹೋಗಬೇಡಿ. ಎಲ್ಲರೂ ಮಗ್ಗದ ಹತ್ರಾನೇ ನಿಂತ್ಕೊಳ್ಳಿ. ಒಬ್ಬೊಬ್ಬರೇ ಹೋದ್ರೆ ಒಬ್ಬೊಬ್ಬರನ್ನೇ ತಿಂತಾರೆ." ಮಾತು ಬೀಗ ಹಾಕಿಕೊಂಡು ಹೊರಟಿತು. ಲೋಕದ ಯಾವ ಕಂಪನಿಗೂ, ಯಾವ ಪೊಲೀಸನಿಗೂ ಅದನ್ನು ದಾರಿಯಲ್ಲಿ ಒಡೆಯಲಾಗುತ್ತಿರಲಿಲ್ಲ.

ಅದು ತಲುಪಿದ್ದು ಚಹಾದ ಬಿಡುವಿನಲ್ಲಿ. ಲಾಳಿ ಅಕ್ಕ ಬೆಂಚಿನ ಮೇಲೆ ಕೂತು ಫೋನನ್ನು ಕಿವಿಗೆ ಹಚ್ಚಿದಳು. ಕೇಳಿಸಲಿಲ್ಲ. ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಪಕ್ಕದವಳ ಫೋನಿಗೂ ಬಂತು, ಅವಳೂ ಕಡೆಯವರೆಗೆ ಏರಿಸಿದಳು. ಮೂರನೆಯವಳು, ನಾಲ್ಕನೆಯವಳು. ಒಂದೇ ಮಾತು ಒಂದರ ಹಿಂದೆ ಒಂದು ಫೋನಿನಿಂದ ತಡವರಿಸಿ ತಡವರಿಸಿ ಹೊರಬಿತ್ತು. ಯಾರೂ ಆ ಕೋಣೆಗೆ. ಆ ಕೋಣೆಗೆ ಹೋಗಬೇಡಿ. ಹೋಗಬೇಡಿ, ಮಗ್ಗದ ಹತ್ರಾನೇ. ಕೇಳುತ್ತಿದ್ದವರ ಮುಖದ ಮೇಲೆ ಗುಟ್ಟನ್ನು ಹಂಚಿಕೊಂಡವರ ಗಾಂಭೀರ್ಯ. ಕಿವಿ ನೆಟ್ಟಗಿದ್ದದ್ದು ಒಬ್ಬಳಿಗೇ. ಶೆಡ್ಡಿಗೆ ಬಂದು ವರ್ಷ ತುಂಬದ ಹುಡುಗಿ, ಬಾಯಿಗೆ ಬಿಡುವಿಲ್ಲದ್ದಕ್ಕೆ ಗುಬ್ಬಿ ಎಂದು ಹೆಸರು. ಅವಳು ಎದ್ದು ಓಡಿ ಎರಡು ಕೈಯಿಂದ ಎರಡು ಫೋನು ಮುಚ್ಚಿದಳು. ಅಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ಲೋಟ ಹಿಡಿದು ನಿಂತಾಗಿತ್ತು. ಅವನು ಚಹಾ ಕುಡಿಯುವುದನ್ನೂ ಮರೆತು ಕೇಳುತ್ತಿದ್ದ.

ಗುಬ್ಬಿ ಸಂಜೆ ಅಂಗಡಿಗೆ ಬಂದು ಇದನ್ನೆಲ್ಲ ಹೇಳಿದಳು. ಮೂಗಿ ಕೈಯಲ್ಲಿದ್ದ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ತಿರುಗಿಸಿ ತಿರುಗಿಸಿ ಅದರ ತಲೆ ಸವೆದುಹೋಯಿತು.

"ಬೈಬೇಡಿ ಅಕ್ಕ, ಅವರಿಗೆ ಗೊತ್ತಾಗಲಿಲ್ಲ," ಅಂದಳು ಗುಬ್ಬಿ.

"ಬೈತಿಲ್ಲ."

"ಬೈದುಬಿಡಿ ಬೇಕಾದ್ರೆ. ನೀವು ಹೀಗೆ ಸುಮ್ಮನಿದ್ರೆ ಹೆದರಿಕೆ ಆಗುತ್ತೆ."

ಮರುದಿನ, ಗೊತ್ತಾದ ದಿನಕ್ಕೆ ಕಾಯದೆ, ಪರೀಕ್ಷೆ ನಾಳೆಯೇ ಎಂದರು. ಬರದವರು ಕೆಲಸ ಬಿಟ್ಟಂತೆ ಎಂದು ಗೋಡೆಗೆ ಹಚ್ಚಿದರು. ಅಮ್ಮನನ್ನು ಆಫೀಸಿಗೆ ಕರೆದರು. ಮಗಳನ್ನೂ ಕರೆದುಕೊಂಡು ಬಾ ಅಂದರು. ಆ್ಯಪ್ ಮಾಡಿದ್ದು ಯಾರು ಎಂದು ಅವರು ಯಾರನ್ನೂ ಕಾಡಿ ಕೇಳಬೇಕಾಗಿರಲಿಲ್ಲ. ಹೆಸರಿನಲ್ಲೇ ಇತ್ತಲ್ಲ.

ಮ್ಯಾನೇಜರನ ಕೋಣೆಗೆ ದಪ್ಪ ಗಾಜಿನ ಬಾಗಿಲು. ಮುಚ್ಚಿದೊಡನೆ ಶೆಡ್ಡಿನ ಸದ್ದು ಕತ್ತರಿಸಿದಂತೆ ನಿಂತಿತು. ಅಷ್ಟು ಹತ್ತಿರದಲ್ಲಿ ಅಷ್ಟು ನಿಶ್ಶಬ್ದ ಇರಬಹುದೆಂದು ಮೂಗಿಗೆ ಗೊತ್ತಿರಲಿಲ್ಲ. ಅವಳು ಮೌನವನ್ನು ಇಷ್ಟಪಡುವವಳು. ಈ ಮೌನ ಅವಳಿಗೆ ಹೇಸಿಗೆ ಬರಿಸಿತು. ಇದು ಅಮ್ಮನ ಕಿವಿಯಿಂದ ಕಿತ್ತುಕೊಂಡದ್ದು.

ಅವನು ಕೂಗಾಡಲಿಲ್ಲ. ನಗುತ್ತಾ ಮಾತಾಡಿದ. "ಕೂತ್ಕೊಳ್ಳಿ. ಒಳ್ಳೆ ಕೆಲಸ ಮಾಡಿದೀಯಮ್ಮ. ನಮ್ಮ ಕಂಪ್ಯೂಟರ್ ವಿಭಾಗದವರಿಗೆ ತೋರಿಸಿದೆ. ಅವರ ಕೈಲಿ ಒಡೆಯಕ್ಕಾಗಲಿಲ್ಲ. ಇಂಥ ತಲೆ ಇಟ್ಕೊಂಡು ಬೀದೀಲಿ ಫೋನ್ ರಿಪೇರಿ ಮಾಡ್ತಿದೀಯ?"

ಮೂಗಿ ಅಮ್ಮನ ಕಡೆ ನೋಡಿದಳು.

"ನಮ್ಮಲ್ಲೇ ಸೇರು. ಆ್ಯಪ್ ಇರಲಿ, ನಿಲ್ಲಿಸು ಅನ್ನಲ್ಲ. ನಿಮ್ಮ ಹೆಂಗಸರು ಮಾತಾಡ್ಕೊಳ್ಳಲಿ. ಒಂದೇ ಒಂದು ಕೀ ಜಾಸ್ತಿ ಹಾಕು. ನಂಗಲ್ಲ, ಕಂಪನಿಗೆ. ಏನಾದ್ರೂ ಅನಾಹುತ ಆದಾಗ ನೋಡಕ್ಕೆ. ಅವರಿಗೆ ಗೊತ್ತಾಗೋದೂ ಬೇಡ, ಸುಮ್ನೆ ಗಾಬರಿ ಬೀಳ್ತಾರೆ." ಪೆನ್ನಿನಿಂದ ಅಮ್ಮನ ಕಡೆ ತೋರಿಸಿದ. "ಇವರ ಪರೀಕ್ಷೆ ನಾನು ನೋಡ್ಕೋತೀನಿ. ಕಿವಿ ಚೆನ್ನಾಗಿದೆ ಅಂತ ಬರುತ್ತೆ. ಇನ್ನೂ ಎಷ್ಟು ವರ್ಷ ಬೇಕೋ ಅಷ್ಟು ವರ್ಷ ದುಡೀಲಿ."

ಅಮ್ಮ ಅವನ ಮುಖವನ್ನೇ ನೋಡುತ್ತಾ ತಲೆ ಆಡಿಸುತ್ತಿದ್ದಳು. ಮಾತು ಕೇಳಿಸದಿದ್ದಾಗ ಅವಳು ಮಾಡುತ್ತಿದ್ದದ್ದೇ ಅದು. ಎದುರಿನವರು ನಕ್ಕರೆ ನಗು, ಮಾತು ನಿಲ್ಲಿಸಿದರೆ ಹೂಂ. ಹಾಗೆ ಮಾಡಿಯೇ ಇಷ್ಟು ವರ್ಷ ಶೆಡ್ಡಿನಲ್ಲಿ ಉಳಿದಿದ್ದಳು. ಇವನು ಮೀಸೆಯಡಿ ತುಟಿ ಆಡಿಸದೆ ಮಾತಾಡುವವನು. ಅವಳಿಗೆ ಒಂದಕ್ಷರವೂ ದಕ್ಕಿರಲಿಲ್ಲ.

"ನೋಡು, ನಿಮ್ಮಮ್ಮನೇ ಹೂಂ ಅಂತಿದಾರೆ," ಅಂದ ಅವನು.

ಅಮ್ಮ ಇನ್ನೊಮ್ಮೆ ತಲೆ ಆಡಿಸಿದಳು.

"ನಾಳೆ ಬೆಳಿಗ್ಗೆ ಬಾ. ಪರೀಕ್ಷೆ ಶುರುವಾಗೋ ಮೊದಲು."

ಹೊರಗೆ ಬಂದರು. ಅಮ್ಮ ಸೆರಗಿಗೆ ಅಂಟಿದ ಹತ್ತಿಯ ಎಳೆಗಳನ್ನು ಕೀಳುತ್ತಾ ನಡೆದಳು. "ಏನಂದ್ರು? ಬೈತಾರೆ ಅಂದ್ಕೊಂಡಿದ್ದೆ. ನಗ್ತಿದ್ರಲ್ಲ. ಒಳ್ಳೆ ಮನುಷ್ಯ ಅನ್ಸುತ್ತೆ."

ಏನು ಹೇಳಿದರೂ ಅಮ್ಮ ನಂಬುತ್ತಿದ್ದಳು. ಎಲ್ಲ ಸರಿಹೋಯಿತು ಅಂದರೂ ನಂಬುತ್ತಿದ್ದಳು. ದಾರಿಯುದ್ದಕ್ಕೂ ತಲೆ ತಗ್ಗಿಸಿ ನಡೆದ ಮೂಗಿ ಒಂದು ಕಡೆ ನಿಂತುಬಿಟ್ಟಳು. ಆ ಇನ್ನೊಂದು ಕೀಯನ್ನು ಎಲ್ಲಿ ಇಡಬಹುದು ಎಂದು ತನ್ನ ತಲೆ ಆಗಲೇ ಲೆಕ್ಕ ಹಾಕಿ ಮುಗಿಸಿತ್ತು. ಬಹಳ ಕೆಲಸವೇನಿಲ್ಲ. ಹೊಸದು ಮಾಡಿದ್ದೇನೆ, ಹಳೆಯದು ತೆಗೆದು ಇದನ್ನು ಹಾಕಿಕೊಳ್ಳಿ ಎಂದರೆ ಸಾಕು. ಲಾಳಿ ಅಕ್ಕ ಹಾಕಿಕೊಳ್ಳುತ್ತಾಳೆ. ಗುಬ್ಬಿ ಹಾಕಿಕೊಳ್ಳುತ್ತಾಳೆ. ಏನು ಬದಲಾಯಿತು ಎಂದು ಒಬ್ಬಳೂ ಕೇಳುವುದಿಲ್ಲ. ಯಜಮಾನನೇ ಇಲ್ಲದ ಗುಂಪು ಎಂದು ಹೇಳಿಕೊಂಡು ಬಂದಿದ್ದಳು. ಇದ್ದನಲ್ಲ. ಅವಳೇ.

ಸಂಜೆ ಪಾಳಿ ಬಿಟ್ಟಿತ್ತು. ಓಣಿಯ ಹೆಂಗಸರು ನಲ್ಲಿಯ ಹತ್ತಿರ, ಬಾಗಿಲುಗಳಲ್ಲಿ, ಕಾಲು ಚಾಚಿಕೊಂಡು ಮೆಟ್ಟಿಲ ಮೇಲೆ ಇದ್ದರು. ಅಮ್ಮ ಒಲೆ ಹಚ್ಚಿ ಮತ್ತೆ ಕೇಳಿದಳು. "ಏನಂದ್ರು ಹೇಳೇ."

ಮೂಗಿ ಫೋನು ತೆಗೆದಳು. ಬರೆದು ತೋರಿಸಿದರೆ ಅಮ್ಮ ಅಕ್ಷರ ಕೂಡಿಸಿ ಓದುತ್ತಾಳೆ. ಯಾರಿಗೂ ಕೇಳಿಸುವುದಿಲ್ಲ. ಅರ್ಧ ಬರೆದಳು. ಅಳಿಸಿದಳು. ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತಳು.

"ನಿನ್ನ ಕೆಲಸ ಉಳಿಸ್ತಾರಂತೆ," ಎಂದು ಕಿರುಚಿದಳು.

ನಲ್ಲಿಯ ಹತ್ತಿರ ಇದ್ದವರು ತಿರುಗಿದರು. ಅವಳ ದನಿ ಒಡೆದು ವಿಕಾರವಾಗಿ ಬಂತು. ಬಳಸದ ದನಿ.

"ಯಾಕಂತೆ?" ಅಮ್ಮ ಕೇಳಿದಳು.

"ನಾನು ಇವರೆಲ್ಲರ ಮಾತನ್ನೂ ಅವರಿಗೆ ಕೊಡಬೇಕಂತೆ. ಕಳ್ಳ ಕೀ ಮಾಡಿಕೊಡಬೇಕಂತೆ. ಯಾರಿಗೂ ಹೇಳಬಾರದಂತೆ. ನಿನ್ನ ಕಿವಿ ಚೆನ್ನಾಗಿದೆ ಅಂತ ಸುಳ್ಳು ಬರೆಸ್ತಾರಂತೆ. ನೀನು ಅದಕ್ಕೆಲ್ಲ ತಲೆ ಆಡಿಸ್ಕೊಂಡು ಕೂತಿದ್ದೆ."

ಅಮ್ಮನ ಮುಖ ಕಪ್ಪಿಟ್ಟಿತು. "ನಾನಾ?"

"ಹೂಂ. ನೀನೇ."

ಅಮ್ಮ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಮೂಗಿಗೆ ತನ್ನ ಕೊನೆಯ ಮಾತಿಗೆ ನಾಚಿಕೆಯಾಯಿತು. ವಾಪಸು ತೆಗೆದುಕೊಳ್ಳಲು ಇನ್ನೊಮ್ಮೆ ಕಿರುಚಬೇಕಿತ್ತು. ಅಷ್ಟು ಉಸಿರಿರಲಿಲ್ಲ.

ಹೆಂಗಸರು ಬಾಗಿಲಿಗೆ ಬಂದು ಮುತ್ತಿದರು. ಕೇಳಿಸಿದವರು ಕೇಳಿಸದವರಿಗೆ ತುಟಿ ಆಡಿಸಿ, ಬೆರಳು ಆಡಿಸಿ ದಾಟಿಸಿದರು. ಮಗ್ಗಗಳ ನಡುವೆ ದಿನಾ ಮಾತಾಡುವುದು ಹಾಗೇ. ಲಾಳಿ ಅಕ್ಕ ಮುಂದೆ ಬಂದಳು.

"ಅಂದ್ರೆ ನೀನು ಮನಸ್ಸು ಮಾಡಿದ್ರೆ ನಮ್ಮದೆಲ್ಲ ಓದಬಹುದು."

"ಈಗ ನಿಮ್ಮ ಹತ್ರ ಇರೋದರಲ್ಲಿ ಆಗಲ್ಲ. ಹೊಸದು ಅಂತ ಕೊಟ್ರೆ ಆಗುತ್ತೆ. ನೀವು ಹಾಕ್ಕೋತೀರ."

"ನೀನು ಕೊಟ್ರೆ ಹಾಕ್ಕೊಳ್ದೆ ಇರ್ತೀವಾ?"

"ಅದೇ ತೊಂದರೆ. ಇನ್ಮೇಲೆ ನಾನು ಕೊಟ್ರೂ ಹಾಕ್ಕೋಬೇಡಿ. ಕಾಲು ಹಿಡಿದು ಕೇಳಿದ್ರೂ ಹಾಕ್ಕೋಬೇಡಿ."

ಲಾಳಿ ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲ ದಿನಾನೇ ಇದನ್ನ ಹೇಳಬೇಕಿತ್ತು."

"ಗೊತ್ತಿರಲಿಲ್ಲ ಅಕ್ಕ."

"ಹೂಂ." ಲಾಳಿ ಅಕ್ಕ ತಿರುಗಿ ಮನೆಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಒಬ್ಬಳೂ ಭುಜ ತಟ್ಟಲಿಲ್ಲ. ಗುಬ್ಬಿಯೂ ಬಾಯಿ ಬಿಡಲಿಲ್ಲ.

ಮೂಗಿ ಹೊಸ್ತಿಲ ಮೇಲೆ ಕೂತಳು. ಗಂಟಲು ಉರಿಯುತ್ತಿತ್ತು. ಅಮ್ಮನ ಕೆಲಸವನ್ನು ತಾನೇ ಬೀದಿಗೆ ಎಸೆದಂತಾಗಿತ್ತು. ಗುಂಪೂ ಒಡೆಯಿತು. ಇಷ್ಟು ತಿಂಗಳ ದುಡಿಮೆ ಎಂಬುದೆಲ್ಲ ಕುತ್ತಿಗೆ ಮುರಿದ ಆ ಲ್ಯಾಪ್‌ಟಾಪಿನ ಹಾಗೆ, ಆನಿಸಲು ಗೋಡೆ ಇಲ್ಲದಿದ್ದರೆ ಮಕಾಡೆ. ಅವಳಿಗೆ ಆ ಹೆಂಗಸರ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಅಷ್ಟು ಮೆತ್ತಗೆ ಮಾತಾಡುವ ಆ ಮನುಷ್ಯನ ಮೇಲೆ ಬಂತು. ಮೆತ್ತಗೆ ಮಾತಾಡುವುದಕ್ಕೂ ಕಿವಿ ಇರುವವರ ಮನೆಯಲ್ಲಿ ಹುಟ್ಟಬೇಕು.

ಒಲೆ ಆರುವ ಹೊತ್ತಿಗೆ ಫೋನು ನಡುಗಿತು. ಗುಬ್ಬಿಯಿಂದ. ಬರಹವಿಲ್ಲ, ದನಿಯಿಲ್ಲ. ಒಂದು ಚಿತ್ರ. ಮಡಿಲಲ್ಲಿ ಇಟ್ಟ ಎರಡು ಕೈಗಳು. ಅಷ್ಟೆ.

ಮೂಗಿಗೆ ಮೊದಲು ಅರ್ಥವಾಗಲಿಲ್ಲ. ಅಮ್ಮನಿಗೆ ತೋರಿಸಿದಳು. ಅಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇವಳು ಕೈ ಎತ್ತಲ್ಲ ಅಂತಿದಾಳೆ," ಅಂದಳು. "ಪರೀಕ್ಷೇಲಿ ಸದ್ದು ಕೇಳಿಸಿದ್ರೆ ಕೈ ಎತ್ತಬೇಕಲ್ಲ. ಕೇಳಿಸಿದ್ರೂ ಎತ್ತಲ್ಲ ಅಂತಿದಾಳೆ."

ಇನ್ನೊಂದು ಚಿತ್ರ ಬಂತು. ಬಳೆ ಇಲ್ಲದ, ಗೆಣ್ಣು ಊದಿದ ಕೈಗಳು. ಆಮೇಲೆ ಇನ್ನೊಂದು. ಕೆಲವು ಕುಂಟಿಕೊಂಡು ಬಂದವು, ಕೆಲವು ಪಕ್ಕದ ಮನೆಯ ಫೋನಿನಲ್ಲಿ ಕಾದಿದ್ದು ಬಂದವು. ಒಂದರಲ್ಲಿ ಕೈಗಳೇ ಕಾಣದೆ ಬರೀ ಸೀರೆಯ ಮಡಿಕೆ ಬಂದಿತ್ತು. ಎಲ್ಲದರ ಕೊನೆಗೆ ಲಾಳಿ ಅಕ್ಕನದು. ಅವಳು ಮೂಗಿಗೆ ಬೇರೆ ಮಾತು ಏನೂ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಮೂಗಿ ಗೋಡೆಗೆ ಒರಗಿ ನಿಂತಿದ್ದಳು. ಮ್ಯಾನೇಜರ ಬಂದು ಅವಳ ಮುಂದೆ ನಿಂತ.

"ತಂದಿದೀಯಾ?"

"ಇಲ್ಲ."

"ಟೈಮ್ ಬೇಕಾ?"

"ಬೇಡ. ಮಾಡಲ್ಲ."

ಅವನು ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮಮ್ಮ ಇವತ್ತು ಸಂಜೆಯಿಂದ ಮನೇಲೇ ಇರ್ತಾರೆ. ಯೋಚನೆ ಮಾಡು."

"ಜೋರಾಗಿ ಹೇಳಿ," ಅಂದಳು ಮೂಗಿ. "ಇಲ್ಲಿರೋರಿಗೆ ಕೇಳಿಸಲ್ಲ."

ಅವನು ಹೇಳಲಿಲ್ಲ. ಮೊದಲು ಗುಬ್ಬಿಯನ್ನು ಕರೆಯಿರಿ ಅಂದ. ಎಳೆಯವಳು ಎದ್ದರೆ ಉಳಿದವರು ತಾವಾಗಿ ಬರುತ್ತಾರೆ ಎಂದು ಅವನ ಎಣಿಕೆ.

ಅರ್ಧ ಗಾಜಿನ ಬಾಗಿಲು. ಒಳಗೆ ಯಂತ್ರದ ಹುಡುಗ, ಆಸ್ಪತ್ರೆಯಿಂದ ದಿನಗೂಲಿಗೆ ಬಂದವನು, ಗುಬ್ಬಿಯ ಕಿವಿಗೆ ಹೆಡ್‌ಫೋನಿನ ಕಪ್ಪು ಬಟ್ಟಲುಗಳನ್ನು ಹಾಕಿದ. ಗುಂಡಿ ತಿರುಗಿಸಿದ. ಗುಬ್ಬಿ ಕದಲಲಿಲ್ಲ. ಅವನು ಇನ್ನಷ್ಟು ತಿರುಗಿಸಿದ. ಅವಳ ಕೈ ಮಡಿಲಲ್ಲೇ ಇತ್ತು. ಅವನು ತಂತಿ ಎಳೆದು ನೋಡಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ತಿರುಗಿಸಿದ. ಈಗ ಆ ಕೀರಲು ಸದ್ದು ಬಟ್ಟಲಿನಿಂದ ಸೋರಿ, ಗಾಜು ದಾಟಿ ಮೂಗಿಗೇ ಕೇಳಿಸಿತು. ಸೂಜಿಯಂಥ ಸದ್ದು. ಮೂಗಿಯ ಹಲ್ಲು ಚುಳ್ಳೆಂದಿತು. ಗುಬ್ಬಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕುತ್ತಿಗೆಯ ನರ ಉಬ್ಬಿ ಬಿಗಿದಿತ್ತು. ಒಂದು ಕೈ ಇನ್ನೊಂದು ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದಿತ್ತು. ಮೇಲೆ ಏಳಲಿಲ್ಲ.

ಹುಡುಗ ಹೊರಗೆ ಬಂದ. "ಸರ್, ಈಯಮ್ಮನಿಗೆ ಏನೂ ಕೇಳಿಸ್ತಿಲ್ಲ."

"ನಾಟಕ. ನಿನ್ನೆ ತನಕ ಕೇಳಿಸ್ತಿತ್ತು."

"ಇರಬಹುದು ಸರ್. ಕೈ ಎತ್ತದೆ ಇದ್ರೆ ನಾನು ಕೇಳಿಸ್ತಿದೆ ಅಂತ ಬರೆಯಕ್ಕಾಗಲ್ಲ."

ಎರಡನೆಯವಳು ಹೋದಳು. ಕೈ ಎತ್ತಲಿಲ್ಲ. ಮೂರನೆಯವಳು ಲಾಳಿ ಅಕ್ಕ, ಒಂದು ಕಿವಿ ಅರ್ಧ ಉಳಿದವಳು. ಸದ್ದು ಬಂದಾಗ ಅವಳ ಹುಬ್ಬಿನ ಗಾಯದ ಗೆರೆ ಎದ್ದು ಕೂತಿತು. ಕೈ ಏಳಲಿಲ್ಲ. ಗುಮಾಸ್ತ ಬಂದು ಮ್ಯಾನೇಜರನ ಕಿವಿಯಲ್ಲಿ ಏನೋ ಅಂದ. ಎಳೆಯವಳೂ ಸೇರಿ ಎಲ್ಲರೂ ಕಿವುಡರು ಎಂದು ಬರೆದರೆ ಮೇಲಿನವರು ಪ್ರಶ್ನಿಸುವುದು ಹೆಂಗಸರ ವಯಸ್ಸನ್ನಲ್ಲ, ಶೆಡ್ಡಿನ ಸದ್ದನ್ನು. ಅದು ಇಬ್ಬರ ಮುಖದಲ್ಲೂ ಬರೆದಿತ್ತು. ಗೆಲುವೇನೂ ಅಲ್ಲ. ಸಂಜೆಯೊಳಗೆ ಇಡೀ ಶೆಡ್ಡನ್ನೇ ಹೊರಗೆ ಹಾಕಬಹುದು, ಬೇರೆ ಹೆಂಗಸರನ್ನು ತರಬಹುದು. ಕೈ ಮಡಿಲಲ್ಲಿಟ್ಟುಕೊಂಡು ಕೂತವರಿಗೆಲ್ಲ ಅದು ಗೊತ್ತಿತ್ತು.

ಅಮ್ಮನ ಸರದಿ ಬಂತು. ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಪಕ್ಕದವಳು ತೊಡೆ ತಟ್ಟಿದಳು. ಅಮ್ಮ ಎದ್ದು ಹೋಗಿ ಕುರ್ಚಿಯಲ್ಲಿ ಕೂತು ಬಟ್ಟಲುಗಳನ್ನು ತಾನೇ ಹಾಕಿಕೊಂಡಳು. ಹುಡುಗ ಏನೋ ಹೇಳಲು ಬಾಯಿ ತೆರೆದ. ಅಮ್ಮ ಕಣ್ಣು ಮುಚ್ಚಿದಳು.

ಅವಳು ಮನುಷ್ಯರ ಮುಂದೆ ಕಣ್ಣು ಮುಚ್ಚಿದ್ದನ್ನು ಮೂಗಿ ಎಂದೂ ಕಂಡಿರಲಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಎದುರಿನವರ ಮುಖವನ್ನು ಕಾಯುತ್ತಲೇ ಬದುಕಿದವಳು. ಯಾರಿಗೆ ಸಿಟ್ಟು ಬಂತು, ಯಾರು ನಕ್ಕರು, ಯಾವಾಗ ಹೂಂ ಅನ್ನಬೇಕು.

"ಸಾಕು, ನಿಲ್ಲಿಸು," ಅಂದ ಮ್ಯಾನೇಜರ, ಬಾಗಿಲು ತಳ್ಳಿ ಒಳಗೆ ನುಗ್ಗಿ. "ಏಳಮ್ಮ. ಏಳು ಅಂದೆ."

ಹುಡುಗ ಯಂತ್ರ ಆರಿಸಿದ. ಅಮ್ಮ ಕೂತೇ ಇದ್ದಳು. ಅವನು ಮೇಜು ಬಡಿದ. ಇನ್ನೊಮ್ಮೆ ಬಡಿದ. ಅಮ್ಮನ ರೆಪ್ಪೆ ಅಲುಗಲಿಲ್ಲ. ಅವಳನ್ನು ಎಬ್ಬಿಸಬೇಕಾದರೆ ಮೈ ಮುಟ್ಟಬೇಕಿತ್ತು. ಅವನು ಕೈ ಚಾಚಿದ. ಬೆಂಚಿನ ಮೇಲಿದ್ದ ಹೆಂಗಸರು ಎದ್ದು ಬಾಗಿಲಿಗೆ ಬಂದು ನಿಂತರು. ಮೂಗಿ ಅವರ ಮುಂದೆ ನಿಂತಿದ್ದಳು. ಚಾಚಿದ ಕೈ ಅಮ್ಮನ ಭುಜದಿಂದ ಒಂದು ಗೇಣು ದೂರದಲ್ಲಿ ಹಾಗೇ ನಿಂತಿತ್ತು.